ಮಾಸ್ಟರ್ ಒಪ್ಪಿಕೊಂಡ ಕರಿದ ತಿಂಡಿ

ಹೊಲಿಗೆ ಅಂಗಡಿಯ ಕಟಿಂಗ್ ಮಾಸ್ಟರ್ ಎಣ್ಣೆಯ ಮುಖ ನೋಡಿ ಎರಡು ವರ್ಷವಾಗಿತ್ತು. ಬೇಯಿಸಿದ ತರಕಾರಿ, ಸಪ್ಪೆ ಬೇಳೆ, ಮಲಗುವ ಮುಂಚೆ ಒಂದು ಮಾತ್ರೆ. ಇಷ್ಟೆಲ್ಲ ಮಾಡಿದರೂ ರಕ್ತ ಪರೀಕ್ಷೆ ಮಾಡಿಸಿದಾಗಲೆಲ್ಲ ಕೊಲೆಸ್ಟ್ರಾಲ್ ಮಾತ್ರ ಜಪ್ಪಯ್ಯ ಅಂದರೂ ಇಳಿಯುತ್ತಿರಲಿಲ್ಲ.

ಹೆಂಡತಿಗೆ ಅನುಮಾನ ಬರದೆ ಇರುತ್ತದೆಯೇ? ಎಣ್ಣೆಯನ್ನು ಚಮಚದಲ್ಲಿ ಅಳೆಯುವವಳು ಅವಳು. ಮನೆಯಲ್ಲಿ ತಪ್ಪಿಲ್ಲವೆಂದ ಮೇಲೆ ತಪ್ಪು ಹೊರಗೇ ಇರಬೇಕು. ಅಂಗಿ ಒಗೆಯುವ ಮುಂಚೆ ಮೂಸಿ ನೋಡುತ್ತಿದ್ದಳು. ಅಂಗಡಿಯ ಮಗ್ಗುಲಲ್ಲೇ ಕರಿದ ತಿಂಡಿಯ ಗಾಡಿ. ಅದರ ವಾಸನೆ ಮಾಸ್ಟರ್ ಅಂಗಿಗೆ ದಿನಾ ಪುಕ್ಕಟೆಯಾಗಿ ಹತ್ತುತ್ತಿತ್ತು. ಅವನು ಮಗಳ ತಲೆ ಮುಟ್ಟಿ ಆಣೆ ಮಾಡಿದ, ಗೋಗರೆದ, ರೇಗಿದ. ಅವಳು ಜಗ್ಗಲಿಲ್ಲ.

ಬೇರೆಯವರಾಗಿದ್ದರೆ ಜಗಳವನ್ನು ಒಂದು ಕೈ ನೋಡಿಕೊಳ್ಳುತ್ತಿದ್ದರು. ಇವನಿಗೆ ಜಗಳಕ್ಕೂ ತ್ರಾಣವಿರಲಿಲ್ಲ. ರಾತ್ರಿಯೆಲ್ಲ ಮಲಗಿದ್ದರೂ ಬೆಳಿಗ್ಗೆ ಮೂಟೆ ಹೊತ್ತು ಬಂದವನ ಹಾಗೆ ಏಳುತ್ತಿದ್ದ. ಒಂದು ಸಂಜೆ ಅವಳು ಮತ್ತೆ ಕೆದಕಿದಾಗ ಚಪ್ಪಲಿ ಬಿಡುತ್ತಲೇ ಹೇಳಿಬಿಟ್ಟ: "ಹೂಂ, ತಿಂದೆ. ದಿನಾ ತಿಂತೀನಿ. ಇನ್ಮೇಲೆ ತಿನ್ನಲ್ಲ, ಸಾಕಾ?"

ಮನೆ ತಣ್ಣಗಾಯಿತು. ಮಗಳ ತಲೆ ಮುಟ್ಟಿ ಮಾಡಿದ ಆಣೆಯೂ ಸುಳ್ಳೆಂದಾಗಿ, ಸುಳ್ಳುಗಾರ ಅನ್ನಿಸಿಕೊಂಡು ಆ ನೆಮ್ಮದಿ ಗಳಿಸಿದ್ದೇನೆಂದು ಊಟಕ್ಕೆ ಕೂತಾಗ ಅವನಿಗೆ ಹೊಳೆಯಿತು. ಸಪ್ಪೆ ಬೇಳೆಯನ್ನು ತಟ್ಟೆಯ ಅಂಚಿಗೆ ಸರಿಸಿ ಎದ್ದ.

ಅದೇ ತಿಂಗಳು ಅಂಗಡಿಯಲ್ಲಿ ಎಡವಟ್ಟಾಯಿತು. ಶಾಲೆಯ ಸಮವಸ್ತ್ರದ ಬಟ್ಟೆ, ಒಂದು ಮಗ್ಗುಲು ಮಾತ್ರ ಹೊಳಪು. ಅಂಗಿಯ ಮುಂಭಾಗ ಕತ್ತರಿಸುವಾಗ ಪದರಗಳನ್ನು ಹೊಳಪಿಗೆ ಹೊಳಪು ತಾಗುವಂತೆ ಮುಖಕ್ಕೆ ಮುಖ ಮಾಡಿ ಹಾಸಬೇಕು. ಆಗಲೇ ಎಡವೂ ಬಲವೂ ಸಿಗುವುದು. ಮಾಸ್ಟರ್ ತೂಕಡಿಕೆಯಲ್ಲಿ ಎಲ್ಲ ಪದರಗಳನ್ನೂ ಹೊಳಪು ಮೇಲಾಗಿಯೇ ಹಾಸಿದ್ದ. ಕತ್ತರಿಸಿ ಮುಗಿಸಿದಾಗ ಮೇಜಿನ ತುಂಬ ಬರೀ ಎಡಭಾಗ. ಮಾಲೀಕರು ಬೈಯಲಿಲ್ಲ, ಅದಕ್ಕೇ ಅವನಿಗೆ ಹೆದರಿಕೆಯಾದದ್ದು. ಮೊದಲು ಡಾಕ್ಟರ್ ಹತ್ತಿರ ಹೋಗಿ ಬನ್ನಿ ಎಂದಷ್ಟೇ ಹೇಳಿದರು.

ಗೊರಕೆ ಇದೆಯೇ ಎಂದು ಡಾಕ್ಟರಮ್ಮ ಕೇಳಿದಾಗ ಉತ್ತರ ಕೊಟ್ಟವಳು ಹೆಂಡತಿ. ಅದರ ಕಾಟ ತಾಳದೆ ತಾನು ಮಗಳ ಕೋಣೆ ಸೇರಿ ಎಷ್ಟೋ ಕಾಲವಾಯಿತು ಎಂದಳು. ನಡುವೆ ಉಸಿರು ನಿಲ್ಲುತ್ತದೆಯೇ ಎಂದು ಕೇಳಿದ್ದಕ್ಕೆ, ಪಕ್ಕದಲ್ಲಿ ಮಲಗಿದ್ದರೆ ತಾನೆ ಗೊತ್ತಾಗುವುದು ಎಂದಳು. ಎದೆಗೂ ಬೆರಳಿಗೂ ತಂತಿ ಕಟ್ಟಿಸಿಕೊಂಡು ಮಾಸ್ಟರ್ ಒಂದು ರಾತ್ರಿ ಮಲಗಿದ ಮೇಲೆ ತಿಳಿಯಿತು: ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಮತ್ತೆ ಮತ್ತೆ ಕಟ್ಟುತ್ತಿದೆ. ಸ್ಲೀಪ್ ಆಪ್ನಿಯಾ ಎಂದರು. ಮೂಗಿಗೆ ಮಾಸ್ಕ್ ಬಂತು, ಹಾಸಿಗೆಯ ಪಕ್ಕ ಗಾಳಿ ಊದುವ ಪೆಟ್ಟಿಗೆ ಬಂತು. ಮೊದಮೊದಲು ಅದಕ್ಕೆ ಹಿಡಿಶಾಪ ಹಾಕಿದ. ಆಮೇಲೆ ಅದಿಲ್ಲದೆ ಮಲಗಲು ಒಪ್ಪಲಿಲ್ಲ.

ಕೆಲವು ತಿಂಗಳು ಕಳೆದು ರಕ್ತ ಪರೀಕ್ಷೆ ಮಾಡಿಸಿದಾಗ ಕೊಲೆಸ್ಟ್ರಾಲ್ ಇಳಿದಿತ್ತು. ಪೂರ್ತಿ ಅಲ್ಲ, ಆದರೂ ಇಳಿದಿತ್ತು.

"ನೋಡಿ ಡಾಕ್ಟ್ರೇ, ಹೊರಗೆ ತಿನ್ನೋದು ಬಿಟ್ರು, ಇಳೀತು," ಎಂದು ಹೆಂಡತಿ ಹಿಗ್ಗಿದಳು.

ಮಾಸ್ಟರ್ ಆಸೆಯಿಂದ ಡಾಕ್ಟರಮ್ಮನ ಮುಖ ನೋಡಿದ. ಉಸಿರು ಕಟ್ಟಿ ರಾತ್ರಿಯೆಲ್ಲ ಆಮ್ಲಜನಕ ಕಡಿಮೆಯಾದರೆ ದೇಹ ಕೊಬ್ಬನ್ನು ನಿಭಾಯಿಸುವ ರೀತಿಯೂ ಕೆಡಬಹುದು, ಅದಕ್ಕೆ ಚಿಕಿತ್ಸೆಯಾದರೆ ಕೆಲವರಿಗೆ ಕೊಲೆಸ್ಟ್ರಾಲ್ ಸ್ವಲ್ಪ ಇಳಿಯುತ್ತದೆ, ಎಲ್ಲರಿಗೂ ಅಲ್ಲ ಎಂದರು. ಇವರಿಗೆ ಇಳಿದದ್ದು ಅದರಿಂದಲೇ ಎಂದು ಹೇಳಲಾರೆ, ಮಾತ್ರೆ ಬಿಡಬೇಡಿ ಎಂದೂ ಸೇರಿಸಿದರು. ಇದ್ದೊಬ್ಬ ಸಾಕ್ಷಿಯೂ ಹೀಗೆ 'ಇರಬಹುದು' ಎಂದು ಜಾರಿಕೊಂಡರೆ ಪಾಪದವನು ಎಲ್ಲಿಗೆ ಹೋಗಬೇಕು?

ಆಸ್ಪತ್ರೆಯ ಹೊರಗಿನ ಮೆಟ್ಟಿಲ ಮೇಲೆ ಮಾಸ್ಟರ್ ನಿಂತ. "ನಾನು ಒಂದಿನಾನೂ ತಿಂದಿರಲಿಲ್ಲ ಕಣೇ. ನಿನ್ನ ಕಾಟ ತಪ್ಪಲಿ ಅಂತ ಹಾಗಂದೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತಳು. "ಗೊತ್ತಿತ್ತು," ಎಂದಳು.

ಎರಡು ವರ್ಷ ಕೂಡಿಟ್ಟಿದ್ದ ಸಿಟ್ಟು ಅವನ ನಾಲಿಗೆಯ ತುದಿಗೆ ಬಂತು. ಅವನು ಬಾಯಿ ತೆರೆಯುವುದರೊಳಗೆ ಅವಳೇ ಮುಂದುವರಿಸಿದಳು: "ತಿಂತಿದ್ದೀರಿ ಅಂತಾದ್ರೆ ಬೈದು ಬಿಡಿಸಬಹುದು. ತಿನ್ನದೇನೇ ಏರ್ತಿದೆ ಅಂತಾದ್ರೆ ನಾನೇನು ಮಾಡ್ಲಿ? ನಮ್ಮಪ್ಪನೂ ಕರಿದದ್ದು ಏನೂ ತಿಂತಿರಲಿಲ್ಲ. ಒಂದು ರಾತ್ರಿ ಮಲಗಿದವರು ಏಳಲೇ ಇಲ್ಲ."

ಮಾಸ್ಟರ್ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಅವಳ ಪಕ್ಕ ಕೂತ. ಈ ಎರಡು ವರ್ಷದಲ್ಲಿ ಅವಳೂ ಎಷ್ಟು ಬಳಲಿದ್ದಾಳೆಂದು ಅವನು ಅವತ್ತೇ ನೋಡಿದ್ದು.