ಆರು ಫ್ರೇಮು, ಒಂದೇ ಮೂಲೆ

ಮೊನ್ನೆ ಅಂಗಡಿಗೆ ಹೊಸ ಗಾಜು ಬಂತು. ಸ್ಕ್ರೀನ್ ಪ್ರಿಂಟಿಂಗ್ ಮೇಜಿನ ಹಳೆಯ ಗಾಜು ಬಿರುಕು ಬಿಟ್ಟಿತ್ತು. ಗಾಜಿನಂಗಡಿಯವನು ಅದನ್ನು ಗೋಣಿಚೀಲದಲ್ಲಿ ಸುತ್ತಿ ಮೊಪೆಡ್ಡಿನ ಮೇಲೆ ತಂದು, ಮೇಜಿನ ಮೇಲೆ ಮಲಗಿಸಿ, "ಮಟ್ಟ ನೋಡ್ಕೊಳ್ಳಿ ಸಾರ್, ಆಮೇಲೆ ನನ್ನ ಅನ್ಬ್ಯಾಡಿ" ಎಂದ. ಮಟ್ಟ ನೋಡಲು ನಮ್ಮಲ್ಲಿರುವ ಉಪಾಯ ಒಂದೇ. ಗೋಡೆಗೆ ಒರಗಿಸಿದ್ದ ಅಲ್ಯುಮಿನಿಯಂ ಫ್ರೇಮೊಂದನ್ನು ಗಾಜಿನ ಮೇಲಿಟ್ಟು ಎದುರುಬದುರು ಮೂಲೆಗಳನ್ನು ಒತ್ತುವುದು. ಗಾಜೋ ಫ್ರೇಮೋ ಸೊಟ್ಟಗಿದ್ದರೆ ಟಕ್ ಎನ್ನುತ್ತದೆ. ಒತ್ತಿದೆ. ಏನೂ ಕೇಳಿಸಲಿಲ್ಲ.

ಆ ಕೇಳಿಸದ ಶಬ್ದದಿಂದ ಕಲ್ಯಾಣದುರ್ಗದ ಸ್ಕ್ರೀನ್ ತಾತ ನೆನಪಾದರು.

ನೆನಪಾದರು ಎಂದು ಬರೆಯುವುದು ಸುಲಭ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ತಾತನ ಮನೆಯ ಮುಂದೆ ಬೇವಿನ ಮರವಿತ್ತು ಎಂದು ಎಷ್ಟೋ ಜನಕ್ಕೆ ಹೇಳಿದ್ದೇನೆ. ಎರಡನೆಯ ಸಲ ಹೋದಾಗ ನೋಡಿದರೆ ಮರ ಇರಲಿಲ್ಲ, ಕಡಿದ ಬುಡವೂ ಇರಲಿಲ್ಲ. ಬಿಸಿಲಲ್ಲಿ ನಿಂತಿದ್ದ ನೆನಪಿಗೆ ನೆರಳು ಬೇಕಾಗಿತ್ತೋ ಏನೋ... ಮರವನ್ನು ಬಿಟ್ಟುಬಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಹಿಂದೂಪುರದಲ್ಲಿ ನನ್ನದು ಒಂದೂವರೆ ಕೋಣೆಯ ಅಂಗಡಿ. ಪೆನುಕೊಂಡದ ಕಡೆಗೆ ಕೆಲಸದವರನ್ನು ಕಳಿಸುವ ಗುತ್ತಿಗೆದಾರನೊಬ್ಬ ಟೀ ಶರ್ಟುಗಳ ಆರ್ಡರು ಕೊಟ್ಟಿದ್ದ, ನಾಲ್ಕು ಬಣ್ಣದ ಅಚ್ಚು. ನನ್ನಲ್ಲಿದ್ದವು ಮರದ ಫ್ರೇಮುಗಳು. ಮರ ನೀರು ಕುಡಿದು ಊದುತ್ತದೆ, ಒಣಗಿ ಸೆಟೆಯುತ್ತದೆ. ಅದಕ್ಕೆ ಬಿಗಿದ, ಬಣ್ಣ ಇಳಿಯುವ ಜಾಲರಿ ಬಟ್ಟೆ ಸಡಿಲವಾಗಿ ಕೆಂಪು ಒಂದು ಕಡೆ, ನೀಲಿ ಒಂದು ಕಡೆ ಬೀಳುತ್ತದೆ. ನನಗೆ ಬೇಕಾದದ್ದು ರೋಲರ್ ಫ್ರೇಮು. ಅದರ ನಾಲ್ಕು ಬದಿಯೂ ಅಲ್ಯುಮಿನಿಯಂ ಕೊಳವೆ, ಕೊಳವೆಯ ತುದಿಗೆ ಬೋಲ್ಟು. ಬಟ್ಟೆ ಸಡಿಲವಾದಾಗೆಲ್ಲ ಸ್ಪ್ಯಾನರಿನಿಂದ ಕೊಳವೆ ತಿರುಗಿಸಿ ಮತ್ತೆ ಬಿಗಿ ಮಾಡಿಕೊಳ್ಳಬಹುದು. ಹೊಸದು ನನ್ನ ಕೈಗೆಟುಕುವಂಥದ್ದಲ್ಲ. ಕಲ್ಯಾಣದುರ್ಗದ ತಾತ ಒಬ್ಬರ ಹತ್ತಿರ ಆರು ಇವೆ, ನಾಲ್ಕು ಮಾರುತ್ತಾರೆ ಎಂದು ಇಂಕು ಮಾರುವವನು ಹೇಳಿದ.

ಮಡಕಶಿರ, ಪಾವಗಡ ದಾಟಿ ಮಧ್ಯಾಹ್ನದ ಹೊತ್ತಿಗೆ ತಲುಪಿದೆ. ಬಾಗಿಲು ತೆಗೆದವಳು ಮಗಳು, ನನ್ನ ವಯಸ್ಸಿನವಳು. "ಬನ್ನಿ ಅಣ್ಣಾ. ಮೂಗು ಮುಚ್ಕೊಂಡು ಬನ್ನಿ" ಎಂದಳು. ಒಳಗೆ ಬಣ್ಣ ತೊಳೆಯುವ ಥಿನ್ನರಿನ ವಾಸನೆ ಗೋಡೆಗೆ ಬಳಿದಂತೆ ಇತ್ತು. ತಾತ ಕಡಲೆಕಾಯಿ ಬೀಜದ ಚೀಲಗಳ ಮೇಲೆ ಅಂಗಡಿಯ ಗುರುತು ಅಚ್ಚು ಹಾಕುತ್ತಿದ್ದರು. ಬನಿಯನ್ನಿನ ಮೇಲೆ ಒರೆಸಿಕೊಂಡ ಹಸಿರು ಬಣ್ಣ.

"ಹಿಂದೂಪುರನಾ? ಅಲ್ಲಿ ಸ್ಕ್ರೀನ್ ಎಳೆಯೋರು ಇನ್ನೂ ಅವ್ರಾ? ಎಲ್ಲಾ ಫ್ಲೆಕ್ಸ್ ಕಡೆ ಹೋಗ್ಬುಟ್ರು ಅಂದ್ಕೊಂಡಿದ್ದೆ."

"ನಾನೊಬ್ಬ ಉಳ್ದಿದೀನಿ ತಾತ."

"ಹಂಗಾದ್ರೆ ಈ ಸೀಮೆಗೆ ನಾವಿಬ್ರು. ಕೂತ್ಕೋ."

ಮಗಳು ಸ್ಟೀಲ್ ಲೋಟದಲ್ಲಿ ಟೀ ತಂದಳು. ನಾನು ಅಂಗಿಯ ಅಂಚಿನಿಂದ ಲೋಟ ಹಿಡಿದೆ. ತಾತ ಅದೇ ಬಿಸಿ ಲೋಟವನ್ನು ಅಂಗೈಯಲ್ಲಿ ಪೂರ್ತಿ ಹಿಡಿದು, ಮಾತಾಡುತ್ತ ಕುಳಿತರು.

"ನಾಯ್ನ, ಸುಡ್ತೈತೆ. ಕೆಳಗಿಡು."

"ಗೊತ್ತಮ್ಮ."

"ಏನ್ ಗೊತ್ತು? ಬೊಬ್ಬೆ ಎದ್ದ ಮ್ಯಾಲೆ ಗೊತ್ತು." ಅವಳು ನನ್ನ ಕಡೆ ತಿರುಗಿದಳು. "ಜನ್ಮೆಲ್ಲಾ ಥಿನ್ನರ್‌ನಾಗೆ ಕೈ ಅದ್ಕೊಂಡೇ ಕೂತಿದ್ರೆ ಬೆರಳು ಸಾಯದೆ ಇರ್ತವಾ ಅಣ್ಣಾ? ಬಿಟ್ಬುಡು ಅಂತ ಡಾಕ್ಟ್ರೂ ಹೇಳವ್ರೆ. ಈಯಪ್ಪ ಕೇಳಲ್ಲ."

"ಕೈಗೆ ಗೊತ್ತಾಗದಿದ್ರೆ ಕೆನ್ನೆಗೆ ಗೊತ್ತಾಯ್ತದೆ ಕಣಮ್ಮ" ಎಂದರು ತಾತ. ಒಂದು ಫ್ರೇಮನ್ನು ನಿಲ್ಲಿಸಿ, ಬಿಗಿದ ಬಟ್ಟೆಗೆ ಕೆನ್ನೆ ಆನಿಸಿ, ಆಚೆ ಬದಿಯಿಂದ ಬೆರಳ ಗೆಣ್ಣಿನಲ್ಲಿ ತಟ್ಟಿದರು. ಕಣ್ಣು ಮುಚ್ಚಿಕೊಂಡಿದ್ದರು. ಒಂದು ಬೋಲ್ಟನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಕೆನ್ನೆ ಇಟ್ಟರು. "ಬಟ್ಟೆ ಪಳಗೈತೆ. ಹೊಸದಾದ್ರೆ ಹೊಸ ಎತ್ತಿನಂಗೆ, ಎಳೆದಷ್ಟೂ ಜಗ್ತದೆ. ಇದು ಹತ್ತು ಸಲ ಎಳಿಸ್ಕೊಂಡು ಬುದ್ಧಿ ಕಲ್ತೈತೆ. ಕೊಯ್ದು ಬಿಸಾಕ್ಬ್ಯಾಡ."

ನಾಲ್ಕು ಕೊಡ್ತೀನಿ, ಎರಡು ನನಗೆ ಎಂದರು. "ಅವೂ ಹೋದ್ರೆ ನಾನೇನ್ ಮಾಡ್ಲಿ, ಇವಳ ಜೊತೆ ಕೂತು ಸೀರಿಯಲ್ ನೋಡ್ಲಾ?"

"ಸೀರಿಯಲ್ ನೋಡಿ ಕೈ ಸತ್ತೋರು ಯಾರೂ ಇಲ್ಲ" ಎಂದಳು ಮಗಳು.

ನಾನೂ ನಕ್ಕೆ. ನಕ್ಕದ್ದು ಖಚಿತ. ಬೆಲೆ ನ್ಯಾಯವಾಗಿತ್ತು, ಅದೂ ಖಚಿತ. ಆದರೂ ಸ್ವಲ್ಪ ಇಳಿಸಬೇಕು ಎನ್ನುವ ಚಟ. ಹಳೆಯ ಫ್ರೇಮು ಕೊಳ್ಳುವವರಿಗೆಲ್ಲ ಒಂದು ಆಟ ಗೊತ್ತು. ಮಟ್ಟ ನೋಡುವಾಗ ಗಾಜಿನ ಮೇಲೆ, ಫ್ರೇಮಿನ ಮೂಲೆ ಬರುವ ಕಡೆ, ಮಡಿಚಿದ ಕಾಗದದ ಚೂರು ಇಟ್ಟರೆ ಸಾಕು. ನೆಟ್ಟಗಿರುವ ಫ್ರೇಮೂ ಟಕ್ ಎನ್ನುತ್ತದೆ.

ಬಹಳ ಕಾಲ ನನ್ನ ನೆನಪು ಬೇರೆ ರೀತಿ ಇತ್ತು. ಅದು ಕಾಗದವಲ್ಲ, ಗಾಜಿಗೆ ಮೊದಲೇ ಅಂಟಿಕೊಂಡಿದ್ದ ಟೇಪಿನ ಚೂರು. ನಾನು ನೋಡಿದೆ, ಕೀಳಲಿಲ್ಲ, ಅಷ್ಟೇ. ಹೀಗೆಂದು ನಂಬಿದ್ದೆ. ಹೆಂಡತಿಗೂ ಹಾಗೆಯೇ ಹೇಳಿದ್ದೆ. ಆದರೆ ಫ್ರೇಮು ಇಡುವ ಮುಂಚೆ ಆ ಗಾಜನ್ನು ಒರೆಸಿದವನು ನಾನೇ. ಮಾರನೆಯ ದಿನ ಅಂಗಿ ಒಗೆಯಲು ಹಾಕುವಾಗ ಜೇಬಿನಿಂದ ಅವಳು ಬಸ್ ಟಿಕೆಟ್ಟು ತೆಗೆದು ಕೊಟ್ಟಳು, ನಾಲ್ಕು ಮಡಿಕೆ ಮಾಡಿದ್ದು. ಅದರ ಮೇಲೆ ಫ್ರೇಮಿನ ಮೂಲೆ ಒತ್ತಿದ ಗುರುತಿತ್ತು. ಟೇಪಿನ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಅದನ್ನು ಹೇಳುತ್ತಲೇ ಇದ್ದೆ.

ಫ್ರೇಮಿಟ್ಟು ಒತ್ತಿದೆ. ಟಕ್.

"ಏನದು?" ಎಂದರು ತಾತ.

"ಈ ಮೂಲೆ ಎದ್ದೈತೆ ತಾತ. ಸೊಟ್ಟಗಾಗೈತೆ."

ಅಷ್ಟು ಸಾಕಿತ್ತು. ಈಗ ಅವರು ಜಗಳವಾಡಬೇಕು, ನಾನು ಒಂದು ಬೆಲೆ ಹೇಳಬೇಕು, ಟೀ ಆರುವುದರೊಳಗೆ ವ್ಯಾಪಾರ ಮುಗಿಯಬೇಕು. ತಾತ ಜಗಳವಾಡಲಿಲ್ಲ. ಇನ್ನೊಂದು ಫ್ರೇಮು ತಂದು ಅದೇ ಜಾಗದಲ್ಲಿಟ್ಟರು, ಕಾಗದವಿದ್ದ ಮೂಲೆಗೆ ನನ್ನ ಕೈ ಅಡ್ಡವಿತ್ತು. ತಾವೇ ಒತ್ತಿದರು. ಟಕ್. ಮೂರನೆಯದು ತಂದರು. ನಾಲ್ಕನೆಯದು...

ಯಾವ ಪ್ರಿಂಟರ್ ಆದರೂ ಅಷ್ಟರಲ್ಲಿ ಫ್ರೇಮನ್ನು ತಿರುಗಿಸಿ ಇಟ್ಟು ನೋಡುತ್ತಿದ್ದ. ನಾಲ್ಕಕ್ಕೆ ನಾಲ್ಕೂ ಒಂದೇ ಮೂಲೆಯಲ್ಲಿ ಎದ್ದಿವೆ ಎಂದರೆ ತಪ್ಪು ಕೆಳಗಿನದು, ಮೇಲಿನದಲ್ಲ. ಅದು ಅವರಿಗೆ ಹೊಳೆಯಲಿಲ್ಲ. ಅವರ ಹತ್ತಿರ ಉತ್ತರ ಆಗಲೇ ಇತ್ತು. ದಿನವೂ ಅದನ್ನು ಮನೆಯಲ್ಲಿ ಕೇಳುತ್ತಿದ್ದರು.

"ಆ ಮೂಲೇನೇ ನಾನು ಕೊನೇಲಿ ಬಿಗಿಯೋದು" ಎಂದರು. "ಎಷ್ಟು ಬಿಗೀತು ಅನ್ನೋದು ಕೈಗೆ ಗೊತ್ತಾಗಿಲ್ಲ. ಜಾಸ್ತಿ ತಿರುಗಿಸ್ಬುಟ್ಟಿದೀನಿ."

ಲೋಟ ತೆಗೆಯಲು ಬಂದ ಮಗಳು ಅವರ ಬೆರಳುಗಳನ್ನು ನೋಡಿದಳು.

ತಾತ ಒಳಗೆ ಹೋಗಿ ತಮಗೆಂದು ಇಟ್ಟುಕೊಂಡಿದ್ದ ಎರಡನ್ನೂ ತಂದರು. ಆಗಲಾದರೂ ಕೈ ಚಾಚಿ ಆ ಟಿಕೆಟ್ಟನ್ನು ಎಳೆದುಬಿಡಬಹುದಿತ್ತು. ಅವರು ಒಳಗಿದ್ದರು, ಮಗಳು ಅವರ ಬೆನ್ನನ್ನೇ ನೋಡುತ್ತಿದ್ದಳು. ನನ್ನ ಕೈ ಮೇಜಿನ ಮೇಲೇ ಇತ್ತು. ಯಾಕೆ ಎಳೆಯಲಿಲ್ಲ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಪ್ರತಿ ಸಲವೂ ಹೊಸ ಕಾರಣ ಸಿಗುತ್ತದೆ, ಅದರಿಂದಲೇ ಯಾವುದೂ ನಿಜವಲ್ಲ ಎನಿಸುತ್ತದೆ.

ಐದನೆಯದು, ಟಕ್. ಆರನೆಯದಕ್ಕೆ ಅವರು ಕೆನ್ನೆ ಆನಿಸಿದರು. ತಟ್ಟಿದರು. ಆಮೇಲೆ ಗಾಜಿನ ಮೇಲಿಟ್ಟು ಒತ್ತಿದರು.

"ಕೆನ್ನೇನೂ ಸುಳ್ಳು ಹೇಳ್ತೈತೆ" ಎಂದರು.

ಸ್ಪ್ಯಾನರನ್ನು ಅದರ ಮೇಲೆ ಇಟ್ಟು, "ಆರೂ ತಗೊಂಡೋಗಪ್ಪ. ಸೊಟ್ಟಗಿರೋದಕ್ಕೆ ಏನ್ ಕೇಳ್ಲಿ, ನಿಂಗೆ ತೋಚಿದ್ದು ಕೊಡು" ಎಂದರು. ಚೀಲಗಳ ಅಚ್ಚು ಅರ್ಧಕ್ಕೆ ನಿಂತಿತ್ತು. ನಾನು ಕೊಟ್ಟದ್ದನ್ನು ಎಣಿಸದೆ ಮಗಳ ಕೈಗೆ ದಾಟಿಸಿದರು. ಕೊನೆಯ ಫ್ರೇಮು ಎತ್ತುವಾಗ ಟಿಕೆಟ್ಟು ನನ್ನ ಜೇಬಿಗೆ ಹೋಯಿತು.

ಬೀದಿಯವರೆಗೂ ಬಂದ ಮಗಳು ಮೆಲ್ಲಗೆ ಹೇಳಿದಳು: "ಒಳ್ಳೇದಾಯ್ತು ಬಿಡಣ್ಣಾ. ನಾನೆಷ್ಟು ಬಡ್ಕೊಂಡ್ರೂ ಕೇಳಿರಲಿಲ್ಲ." ಆ ಮಾತನ್ನು ಬಹಳ ದಿನ ನೋವಿನ ಮಾತ್ರೆಯ ಹಾಗೆ ಇಟ್ಟುಕೊಂಡಿದ್ದೆ. ಬೇಕೆನಿಸಿದಾಗ ನುಂಗುತ್ತಿದ್ದೆ.

ಹಿಂದೂಪುರದಲ್ಲಿ ಆರೂ ಫ್ರೇಮು ಗಾಜಿನ ಮೇಲೆ ನೆಟ್ಟಗೆ ಕುಳಿತವು. ನಾಲ್ಕು ಬಣ್ಣಗಳೂ ಒಂದರ ಮೇಲೊಂದು ಸರಿಯಾಗಿ ಬಿದ್ದವು. ಬಟ್ಟೆ ಪಳಗಿತ್ತು.

ಒಂದು ವರ್ಷ ಕಳೆದಿರಬೇಕು, ಹೆಚ್ಚೂ ಇರಬಹುದು. ಸೆಟ್ಟೂರಿನ ನೆಂಟರ ಮನೆಗೆ ಹೊರಟವನು ಕಲ್ಯಾಣದುರ್ಗದಲ್ಲಿ ಇಳಿದೆ. ತಾತ ಹೊಸ್ತಿಲ ಬಳಿ ಕುರ್ಚಿಯಲ್ಲಿದ್ದರು. ಮನೆಯಲ್ಲಿ ಥಿನ್ನರಿನ ವಾಸನೆ ಇರಲಿಲ್ಲ. ಮಗಳು ಅವರ ಅಂಗಿಯ ಗುಂಡಿ ಹಾಕುತ್ತಿದ್ದಳು. "ಆವತ್ತಿಂದ ಸ್ಪ್ಯಾನರ್ ಮುಟ್ಟಿಲ್ಲ. ಈಗ ತಟ್ಟೇನೂ ಹಿಡಿಯಲ್ಲ, ಬಿದ್ದೋಯ್ತದೆ ಅಂತಾನೆ" ಎಂದಳು.

ನಾನು ಹೇಳಿದೆ. ಟೇಪಿನ ಕಥೆಯಲ್ಲ, ಟಿಕೆಟ್ಟಿನದು. ಆ ಬೆಳಿಗ್ಗೆ ಬಸ್ಸಿನಲ್ಲಿ ಕೊಂಡ ಟಿಕೆಟ್ಟನ್ನೇ ಜೇಬಿನಿಂದ ತೆಗೆದು ನಾಲ್ಕು ಮಡಿಕೆ ಮಾಡಿ ತೋರಿಸಿದೆ. ಫ್ರೇಮುಗಳು ನೆಟ್ಟಗಿವೆ ತಾತ, ಆವತ್ತೂ ನೆಟ್ಟಗಿದ್ದವು, ನಿಮ್ಮ ಕೈ ಒಂದನ್ನೂ ಕೆಡಿಸಿಲ್ಲ.

ತಾತ ಕೇಳಿಸಿಕೊಂಡು ನಕ್ಕರು.

"ನೀನ್ ಒಳ್ಳೇವ್ನು ಕಣಪ್ಪ. ಮುದುಕನ ಸಮಾಧಾನಕ್ಕೆ ಇಷ್ಟು ದೂರ ಬಂದು ಸುಳ್ಳು ಹೇಳ್ತಿದೀಯ."

"ಇಲ್ಲ ತಾತ, ನಿಜವಾಗ್ಲೂ..."

"ಬಿಡು. ಕೆಲಸಕ್ಕೆ ತೊಂದ್ರೆ ಆಗ್ತಿಲ್ವಲ್ಲ? ಆ ಎದ್ದಿರೋ ಮೂಲೆ ಕೆಳಗೆ ಹಿಂಗೇ ಪೇಪರ್ ಮಡ್ಚಿ ಇಟ್ಕೊ. ಅಲ್ಲಾಡಲ್ಲ."

ಅವರು ನಂಬಲಿಲ್ಲ. ಮಗಳು ನಂಬಿದಳು. ಗುಂಡಿಯ ಮೇಲೆ ಅವಳ ಕೈ ನಿಂತಿತು. ನನ್ನ ಕೈಯಲ್ಲಿದ್ದ ಟಿಕೆಟ್ಟನ್ನು ನೋಡಿದಳು, ನನ್ನ ಮುಖ ನೋಡಲಿಲ್ಲ. ಟೀ ಕುಡಿಯುತ್ತೀರಾ ಎಂದು ಕೇಳಲಿಲ್ಲ. ಸೆಟ್ಟೂರಿನ ಬಸ್ಸಿಗೆ ಹೊತ್ತಾಯಿತು ಎಂದು ನಾನೇ ಎದ್ದೆ.

ತಾತ ಹೋದ ಸುದ್ದಿ ಬಂದದ್ದು ಇಂಕು ಮಾರುವವನಿಂದ, ಬೇರೆ ಮಾತಿನ ನಡುವೆ, ತಿಥಿ ಮುಗಿದು ಎಷ್ಟೋ ದಿನವಾದ ಮೇಲೆ. ಮಗಳು ಹೇಳಿಕಳಿಸಿರಲಿಲ್ಲ. ಯಾಕೆ ಕಳಿಸಬೇಕು... ಅವರ ಮುಖವನ್ನು ನೆನೆದುಕೊಳ್ಳಲು ನೋಡುತ್ತೇನೆ. ಬಟ್ಟೆಗೆ ಆನಿಸಿದ ಒಂದು ಕೆನ್ನೆ ಬರುತ್ತದೆ, ಇನ್ನರ್ಧ ಬರುವುದಿಲ್ಲ.

ಮೊನ್ನೆ ಹೊಸ ಗಾಜಿನ ಮೇಲೆ ಆರನ್ನೂ ಒಂದೊಂದಾಗಿ ಇಟ್ಟೆ. ಪ್ರತಿಯೊಂದನ್ನೂ ತಿರುಗಿಸಿ, ನಾಲ್ಕೂ ಮೂಲೆ ಒತ್ತಿದೆ. ಗಾಜಿನವನು ಮೊಪೆಡ್ಡಿನ ಮೇಲೆ ಕುಳಿತು ಕಾಯುತ್ತಿದ್ದ.

"ಎಷ್ಟು ಸಲ ನೋಡ್ತೀರಾ ಸಾರ್? ಗಾಜು ಸರಿಗೈತಾ ಇಲ್ವಾ?"

"ಸರಿಗೈತೆ" ಎಂದೆ. ಅವನು ಮೊಪೆಡ್ ಸ್ಟಾರ್ಟ್ ಮಾಡಿದ.

"ಫ್ರೇಮೂ ಸರಿಗವೆ" ಎಂದೆ. ಫ್ರೇಮಿನ ವಿಷಯ ಅವನು ವಿಚಾರಿಸಿರಲಿಲ್ಲ. ಮೊಪೆಡ್ಡಿನ ಸದ್ದಿನಲ್ಲಿ ಅದು ಅವನಿಗೆ ಕೇಳಿಸಲೂ ಇಲ್ಲ.