ಸೊಸೆಯ ಗಿಟಾರಿಗೆ ನಾನು ಮಾಡಿದ ರಿಪೇರಿ

ಕಳೆದ ಶನಿವಾರ ನಮ್ಮ ಮನೆಯಲ್ಲಿ ಒಂದು ಗಿಟಾರಿನ ತಂತಿ ಹರಿಯಿತು. ಹರಿದವನು ನಾನು. ಬೈಸಿಕೊಂಡವನು ಸಂದೀಪ.

ನನ್ನ ಸೊಸೆ ಮೇಘಾ ಹೆವಿ ಮೆಟಲ್ ಗಿಟಾರಿಸ್ಟ್. (ಮದುವೆ ಮಾತುಕತೆಯಲ್ಲಿ ಬರೀ ‘ಸಂಗೀತ’ ಅಂದಿದ್ದರು. ನಾನು ವೀಣೆ ಅಂದುಕೊಂಡಿದ್ದೆ.) ಧಾರವಾಡದ ಕಾಲೇಜಿನಲ್ಲಿ ಶುರು ಮಾಡಿದ್ದು. ಜೊತೆಗಿದ್ದವರು ಒಬ್ಬೊಬ್ಬರಾಗಿ ನೌಕರಿ ಹಿಡಿದು ಗಿಟಾರ್ ಮಾರಿದರು. ಇವಳು ಪುಣೆಗೆ ಬಂದು ಹೊಸ ಬ್ಯಾಂಡ್ ಕಟ್ಟಿದಳು. ಸಂದೀಪ ಅದರ ಡ್ರಮ್ಮರ್.

ಅವತ್ತು ಸಂಜೆ ಅವರ ಶೋ. ಮೇಘಾ ಸ್ನಾನಕ್ಕೆ ಹೋಗಿದ್ದಳು. ಸೋಫಾದ ಮೇಲಿದ್ದ ಗಿಟಾರಿನ ದಪ್ಪ ತಂತಿಯನ್ನು ಸುಮ್ಮನೆ ಮುಟ್ಟಿದೆ. ಬಟ್ಟೆ ಒಣಹಾಕುವ ಹಗ್ಗದಂತೆ ಜೋಲುತ್ತಿತ್ತು. ಇಲ್ಲೇ ಖಡಕಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ರಿಟೈರ್ ಆದವನು ನಾನು. ಸಡಿಲ ಕಂಡರೆ ಕೈ ಸುಮ್ಮನಿರುತ್ತದೆಯೇ? ಬಿರಡೆ ತಿರುವಿದೆ. ಇನ್ನೊಂದು ಸುತ್ತು. ಟಪ್ ಎಂದಿತು.

ಮೇಘಾ ಬಂದು ಕೇಳಿದಳು. ನನಗೇನು ಗೊತ್ತು ಅಂದುಬಿಟ್ಟೆ.

ಹಿಂದಿನ ದಿನ ಗಿಟಾರನ್ನು ಕಾರಿನಲ್ಲಿ ತಂದುಕೊಟ್ಟವನು ಸಂದೀಪ. ಹೋದ ತಿಂಗಳು ಅವಳ ಆಂಪ್ಲಿಫೈಯರ್ ಬೀಳಿಸಿದವನೂ ಅವನೇ. ಇದೂ ಅವನದೇ ಕೆಲಸವೆಂದು ಫೋನ್ ಹಚ್ಚಿ ಮರಾಠಿಯಲ್ಲಿ ಝಾಡಿಸಿದಳು. ಮುಂದೆ ಬರುವ ಬೆಂಗಳೂರಿನ ಶೋಗೆ ಬೇರೆ ಡ್ರಮ್ಮರ್ ನೋಡಿಕೊಳ್ಳುತ್ತೇನೆ ಎಂದಳು. ನಾನು ಪೇಪರ್ ಓದುತ್ತಾ ಕೂತೆ. (ಒಂದಕ್ಷರವೂ ತಲೆಗೆ ಹೋಗಲಿಲ್ಲ.)

ಮನಸ್ಸು ತಡೆಯದೆ, ಮೊದಲ ಸಲ ಅವಳ ಶೋಗೆ ಹೋದೆ. ಸ್ಟೇಜ್ ಹಿಂದೆ ಮೇಘಾಳ ಮುಂದೆ ಸಂದೀಪ ತಲೆತಗ್ಗಿಸಿ ನಿಂತಿದ್ದ. ಕಾರಿನಲ್ಲಿ ಏನಾದರೂ ತಾಗಿರಬೇಕು, ಸಾರಿ ಎನ್ನುತ್ತಿದ್ದ. ಮಾಡದ ತಪ್ಪನ್ನು ಒಪ್ಪಿಕೊಳ್ಳುತ್ತಿದ್ದ. ಇನ್ನೆಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಲಿ?

“ಅಂವಾ ಅಲ್ಲ, ಮೇಘಾ. ನಾ ಹರದೀನಿ. ಸಡ್ಲ ಆಗೇದಂತ ಬಿಗಿ ಮಾಡಾಕ ಹೋಗಿದ್ದೆ.”

ಅವಳು ನನ್ನನ್ನೇ ನೋಡಿದಳು. “ಮಾವಾರ, ಅದು ಸಡ್ಲ ಆಗಿದ್ದಲ್ಲರಿ. ನಾನ ಸಡ್ಲ ಬಿಟ್ಟಿದ್ದೆ. ಇರ್ಲಿ, ಮೊದ್ಲ ಅವಂಗ ಹೇಳ್ರಿ.”

ಸಂದೀಪನಿಗೆ ಮರಾಠಿಯಲ್ಲಿ ಕ್ಷಮೆ ಕೇಳಿದೆ. ಅವನು ನಕ್ಕು, ಕಾಕಾ, ಆಂಪ್ಲಿಫೈಯರನ್ನೂ ನೀವೇ ಬೀಳಿಸಿದ್ದು ಅಂತ ಹೇಳಿಬಿಡಿ ಎಂದ. ಬೆಂಗಳೂರಿಗೆ ಅವನೇ ಹೋಗುತ್ತಾನೆ.

ಆಮೇಲೆ ಮೇಘಾ ನುಡಿಸಿದಳು. ಹೊಸ ತಂತಿ ಇನ್ನೂ ಮಾತು ಕೇಳುತ್ತಿರಲಿಲ್ಲ. ಪ್ರತಿ ಹಾಡಾದ ಮೇಲೂ ಅದರ ಶ್ರುತಿ ಸರಿಮಾಡಿಕೊಂಡಳು. ತಂತಿ ಸಡಿಲವಾದಷ್ಟೂ ದನಿ ಪಾತಾಳಕ್ಕಿಳಿಯುತ್ತದೆ. ಆ ದನಿಯೇ ಅವಳಿಗೆ ಬೇಕು, ಅದಕ್ಕೇ ಅಷ್ಟು ದಪ್ಪ ತಂತಿ. ಅಂಗೈಯ ಅಂಚನ್ನು ತಂತಿಗೊತ್ತಿ ಒಂದೊಂದು ಏಟನ್ನೂ ಅರ್ಧಕ್ಕೇ ಕತ್ತರಿಸುತ್ತಾಳೆ. ಕಾಲಡಿಯ ಪೆಡಲ್ ಒತ್ತಿದರೆ ಗರಗಸ ಕಬ್ಬಿಣಕ್ಕಿಳಿದಂತೆ. ನನ್ನ ಎದೆಗೂಡು ಅದುರಿತು. ಇಷ್ಟು ವರ್ಷ ಇದು ಪಕ್ಕದ ಕೋಣೆಯಲ್ಲೇ ನಡೆಯುತ್ತಿತ್ತು. ನಾನು ಬಾಗಿಲು ಮುಚ್ಚಿಕೊಳ್ಳುತ್ತಿದ್ದೆ.

ಅರ್ಥವಾಗದ್ದನ್ನೆಲ್ಲ ಕೆಟ್ಟಿದೆ ಎಂದುಕೊಂಡು ರಿಪೇರಿಗೆ ಕೂರುತ್ತೇವಲ್ಲ, ಕೈ ಹಾಕುವ ಮೊದಲು ಒಂದು ಮಾತು ಕೇಳಿದರೆ ನಮ್ಮ ಗಂಟೇನು ಹೋಗುತ್ತದೆ?