ಕೆರೆಯ ನಡುವೆ ನಾಲ್ಕನೇ ಮೀನು

ಇಂಥ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ಹುಣಸೆಮರದ ದೆವ್ವದ ಕಥೆ ತಂದ ಮಕ್ಕಳನ್ನು ಅದೇ ಮರದ ಕೆಳಗೆ ಕೂರಿಸಿ ಪಾಠ ಮಾಡಿದ ಮೊಂಡಿ. ಹಾಗಾಗಿಯೇ ಇದನ್ನು ಇಷ್ಟು ವರ್ಷ ಯಾರ ಮುಂದೆಯೂ ಬಾಯಿಬಿಡಲಿಲ್ಲ. ನೀವು ನಂಬಲೇಬೇಕೆಂದು ನನ್ನ ಹಟವಿಲ್ಲ.

ನಮ್ಮೂರು ತೆಲುಗು ಗಡಿಯ ರಾಯಲ್ಪಾಡಿನ ಹತ್ತಿರ. ಅಪ್ಪ ಪ್ರಾಯದಲ್ಲಿ ಎರಡು ವರ್ಷ ಮದರಾಸಿನ ಬಂದರಿನಲ್ಲಿ ಮೂಟೆ ಹೊತ್ತು ಬಂದವರು. ಅಲ್ಲಿಂದ ಅವರು ತಂದದ್ದು ಹಾಯಿದೋಣಿಯ ಹುಚ್ಚೊಂದೇ. ನಮ್ಮ ಕಡೆ ಕೆರೆ ತುಂಬುವುದೇ ಅಪರೂಪ. ತುಂಬಿದ ವರ್ಷ ಅಪ್ಪ ನಾಲ್ಕು ಖಾಲಿ ಡಾಂಬರ್ ಡ್ರಮ್ಮುಗಳ ಮೇಲೆ ಬಿದಿರು ಕಟ್ಟಿ, ನಡುವೆ ಒಂದು ಗಳ ನಿಲ್ಲಿಸಿ, ಅಮ್ಮನ ಹಳೇ ಸೀರೆಯನ್ನೇ ಹಾಯಿ ಮಾಡಿ ಏರಿಸುತ್ತಿದ್ದರು. ಪಕ್ಕದ ಮನೆಯ ವೆಂಕಟಪ್ಪ ಕಟ್ಟೆಯ ಮೇಲೆ ನಿಂತು, "ಏಂ ಮಾವಾ, ಮದ್ರಾಸುಕಾ?" ಎಂದು ತೆಲುಗಿನಲ್ಲಿ ರೇಗಿಸುತ್ತಿದ್ದ. "ಹೂಂ ಕಣ್ಲಾ, ಟಿಕೀಟ್ ತಗೊಂಡ್ ಬಾ" ಎಂದು ಅಪ್ಪ ಅಲ್ಲಿಂದಲೇ ಕೂಗುತ್ತಿದ್ದರು.

ಬುತ್ತಿ ಅಮ್ಮನದು. ಮೀನು ಸೀಳಿ ತೊಳೆದು, ಉಪ್ಪು ಅರಿಶಿನ ಸವರಿ, ಈಚಲ ಗರಿಯಲ್ಲಿ ಒಂದೊಂದನ್ನೇ ಕಟ್ಟಿ ಒಲೆಯ ಮೇಲೆ ತೂಗುಹಾಕುತ್ತಿದ್ದಳು. ಎರಡು ದಿನ ಒಲೆಗೆ ಮಾವಿನ ಒಣಕಡ್ಡಿಯ ಪುರಲೆ ಮತ್ತು ಕಡಲೆಕಾಯಿ ಸಿಪ್ಪೆ ಬಿಟ್ಟರೆ ಬೇರೇನೂ ಬೀಳಬಾರದು. ಆ ಹೊಗೆಮೀನು, ರಾಗಿರೊಟ್ಟಿ, ಒಂದು ಹಸಿ ಈರುಳ್ಳಿ. ನೀರಿನ ಮಧ್ಯೆ ಕೂತು ಅದನ್ನು ತಿಂದವರಿಗೆ ಮದುವೆಮನೆ ಊಟವೂ ಸಪ್ಪೆಯೇ. ಕೆರೆಯ ಮೇಲೆ ಉಂಡವರು ಕಡೇ ತುತ್ತನ್ನು ಗಂಗಮ್ಮನಿಗೆ ಬಿಡುವುದು ನಮ್ಮಲ್ಲಿ ಪದ್ಧತಿ. ಅಮ್ಮ ಅದಕ್ಕೆಂದು ಮೊದಲೇ ಒಂದು ತುಂಡು ಎತ್ತಿಟ್ಟುಬಿಡುತ್ತಿದ್ದಳು. ನನ್ನ ಆಸೆಬುರುಕತನ ಅವಳಿಗೆ ಗೊತ್ತಿತ್ತು.

ಇನ್ನೊಂದು ವಿಷಯ ಹೇಳಬೇಕು. ಅಮ್ಮ ಎಡಚಿ. ಅವಳು ಹಾಕಿದ ಗಂಟು ಉಳಿದವರದಕ್ಕೆ ತಿರುವುಮುರುವಾಗಿ ಬೀಳುತ್ತಿತ್ತು. ಗರಿ ನೋಡಿದರೆ ಸಾಕು, ಇದು ಅಮ್ಮನ ಕೈ ಎಂದು ಹೇಳಬಹುದಿತ್ತು.

ಅಮ್ಮ ಜ್ವರದಲ್ಲಿ ತೀರಿಹೋದಳು. ಆಮೇಲೆ ನಾಲ್ಕು ವರ್ಷ ಕೆರೆಯೂ ತುಂಬಲಿಲ್ಲ. ನಾನು ಅವಳಂತೆಯೇ ಮೀನು ಹೊಗೆಗೆ ಹಾಕಿ ಅಪ್ಪನ ತಟ್ಟೆಗಿಡುತ್ತಿದ್ದೆ. ಅವರು ಒಂದು ಚೂರು ಮುರಿದು ಬಾಯಿಗಿಟ್ಟು, "ಅದಲ್ಲ ಕಣಮ್ಮಣ್ಣಿ" ಎಂದು ತಟ್ಟೆ ಸರಿಸಿ ಏಳುತ್ತಿದ್ದರು. ಉಪ್ಪು ಹೆಚ್ಚುಕಡಿಮೆ ಮಾಡಿದೆ, ಮೂರು ದಿನ ಹೊಗೆಯಲ್ಲಿ ಬಿಟ್ಟೆ, ಪುರಲೆಯನ್ನು ಅಮ್ಮ ಆರಿಸುತ್ತಿದ್ದ ಮರದಿಂದಲೇ ತಂದೆ. ಅದಲ್ಲ, ಅದಲ್ಲ. ಕೋಪ ಬಂದು ಒಮ್ಮೆ ಮಾತು ಬಿಟ್ಟೂ ಇದ್ದೆ. ಆದರೆ ಅಪ್ಪ ಹೇಳುತ್ತಿದ್ದುದು ನಿಜವೇ. ನನ್ನ ನಾಲಗೆಗೂ ಅದು ಅದಾಗಿರಲಿಲ್ಲ. ಅಪ್ಪ ಸೊರಗುತ್ತಿದ್ದರು, ನಾನು ಆ ರುಚಿಗಾಗಿ ಒಳಗೊಳಗೇ ಹಂಬಲಿಸುತ್ತಿದ್ದೆ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕೆರೆ ಮತ್ತೆ ತುಂಬಿತು. ಅಪ್ಪ ಯಾರಿಗೂ ಹೇಳದೆ ಡ್ರಮ್ಮುಗಳನ್ನು ಉರುಳಿಸಿಕೊಂಡು ಹೊರಟಾಗ ನನಗೆ ಹಿಡಿಸಲಾರದಷ್ಟು ಖುಷಿಯಾಯಿತು. ಗೌನಿಪಲ್ಲಿಯ ಸಂತೆಯಿಂದ ಮೂರು ಮೀನು ತಂದು ಹೊಗೆಗೆ ಹಾಕಿದೆ. ಅಪ್ಪನಿಗೆ ಎರಡು, ನನಗೆ ಒಂದು. ಆ ಭಾನುವಾರ ಬೆಳಿಗ್ಗೆ ಒಲೆಯಿಂದ ಇಳಿಸಿ, ಬಾಳೆಲೆಯಲ್ಲಿ ಸುತ್ತಿ, ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿದವಳು ನಾನೇ. ಮಧ್ಯಾಹ್ನ ಕೆರೆಗೆ ಹೋದಾಗಲೂ ಬುತ್ತಿ ನನ್ನ ಮಡಿಲಲ್ಲೇ ಇತ್ತು.

ಕೆರೆಯ ನಡುವಿಗೆ ಬರುವಷ್ಟರಲ್ಲಿ ಗಾಳಿ ನಿಂತುಹೋಯಿತು. ಹಾಯಿಯ ಸೀರೆ ಜೋತುಬಿತ್ತು. ಅಷ್ಟರಲ್ಲಿ ಒಲೆ ಹೊಗೆಯ ವಾಸನೆ ಬಂತು. ಸುತ್ತ ತಿರುಗಿ ನೋಡಿದೆ. ದಡದಲ್ಲಾಗಲಿ ತೋಪಿನಲ್ಲಾಗಲಿ ಎಲ್ಲೂ ಹೊಗೆ ಏಳುತ್ತಿರಲಿಲ್ಲ.

ಅಪ್ಪ ಹುಟ್ಟು ಕೆಳಗಿಟ್ಟು ಮೆಲ್ಲಗೆ, "ಒಲೆ ಹಚ್ಚವ್ಳೆ" ಎಂದರು.

"ಯಾರಪ್ಪಾ?" ಎಂದೆ. ಯಾರೆಂದು ನನಗೆ ಗೊತ್ತಿತ್ತು.

ಭಯ ಮುಚ್ಚಿಕೊಳ್ಳಲು ಬುತ್ತಿ ಬಿಚ್ಚಿದೆ. ಬಾಳೆಲೆಯಲ್ಲಿ ನಾಲ್ಕು ಮೀನಿದ್ದವು.

ಎರಡೆರಡು ಸಲ ಎಣಿಸಿದೆ. ಮೂರು ತಣ್ಣಗಿದ್ದವು. ನಾಲ್ಕನೆಯದನ್ನು ಮುಟ್ಟಿದರೆ ಈಗಷ್ಟೇ ಒಲೆಯ ಮೇಲಿಂದ ಇಳಿಸಿದ ಬಿಸಿ. ಅದರ ಈಚಲ ಗರಿಯ ಗಂಟು ತಿರುವುಮುರುವಾಗಿತ್ತು.

ಅಪ್ಪ ಏನನ್ನೂ ಕೇಳದೆ ಆ ಮೀನನ್ನೇ ಎತ್ತಿಕೊಂಡರು. ಮೊದಲ ತುತ್ತಿಗೇ ಅವರ ಕಣ್ಣು ಮುಚ್ಚಿತು. "ಇದೇ" ಎಂದರು. ಮತ್ತೆ, "ಇದೇ ಕಣಮ್ಮಣ್ಣಿ". ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ತಿಂದರು. ನಾಲ್ಕು ವರ್ಷದಲ್ಲಿ ಅಪ್ಪ ಹಾಗೆ ಉಂಡದ್ದನ್ನು ನಾನು ನೋಡಿರಲಿಲ್ಲ. ನನಗೂ ಒಂದು ಚೂರು ಕೊಡಿ ಎಂದು ಯಾವ ಬಾಯಲ್ಲಿ ಕೇಳಲಿ? ರೊಟ್ಟಿ ಹಿಡಿದು ಕೂತಿದ್ದೆ. ಬಾಯಲ್ಲಿ ನೀರೂರುತ್ತಿತ್ತು, ಹೇಳಲು ನಾಚಿಕೆಯಿಲ್ಲ.

ಕೊನೆಗೆ ಬಾಲದ ಕಡೆಯ ಒಂದೇ ತುಂಡು ಉಳಿಯಿತು. ತಡೆಯಲಾರದೆ ಕೈ ಚಾಚಿದೆ. ಕಣ್ಣು ಮುಚ್ಚಿಕೊಂಡೇ ಇದ್ದ ಅಪ್ಪ, "ತಾಯಿ ಗಂಗಮ್ಮಾ" ಎಂದು ಅದನ್ನು ನೀರಿಗೆ ಬಿಟ್ಟರು.

ಕಣ್ಣು ತೆರೆದಾಗ ಅವರಿಗೆ ಕಂಡದ್ದು ನನ್ನ ಖಾಲಿ ಕೈ. "ಅಯ್ಯೋ, ನಿಂಗೆ ಕೊಡ್ಲೇ ಇಲ್ವಲ್ಲಮ್ಮಾ" ಎಂದರು. ಆ ದನಿ ಈಗಲೂ ನನ್ನ ಕಿವಿಯಲ್ಲಿದೆ. ಸ್ವಲ್ಪ ಹೊತ್ತಿಗೆ ಗಾಳಿ ಎದ್ದು, ನಾವು ದಡ ಸೇರಿದೆವು.

ಎಣಿಕೆ ತಪ್ಪಿ ನಾಲ್ಕು ಮೀನು ತಂದಿದ್ದೆನೇ? ಅಮ್ಮನನ್ನು ನೆನೆಯುತ್ತ ನನ್ನ ಕೈಯೇ ಒಮ್ಮೆ ಎಡಕ್ಕೆ ತಿರುಗಿತೇ? ಇರಬಹುದು. ಆದರೆ ಆ ಬಿಸಿ ಎಲ್ಲಿಂದ ಬಂತು?

ಅಪ್ಪ ಆಮೇಲೆ ಆರು ವರ್ಷ ಬದುಕಿದ್ದರು. ನಾನು ಮಾಡಿದ ಹೊಗೆಮೀನನ್ನು ಒಮ್ಮೆಯೂ ಅದಲ್ಲ ಎನ್ನಲಿಲ್ಲ. ತಟ್ಟೆ ಖಾಲಿ ಮಾಡಿಯೇ ಏಳುತ್ತಿದ್ದರು. ಹಿತ್ತಿಲಿನಲ್ಲಿ ಆ ಒಲೆಯನ್ನು ನಾನಿನ್ನೂ ಇಟ್ಟುಕೊಂಡಿದ್ದೇನೆ. ವರ್ಷಕ್ಕೊಮ್ಮೆ ಮಾವಿನ ಪುರಲೆ ಒಟ್ಟಿ ಮೀನು ಕಟ್ಟುತ್ತೇನೆ. ಮೊದಲೇ ಒಂದು ತುಂಡನ್ನು ಬೇರೆ ಎತ್ತಿಟ್ಟು, ಆಮೇಲೆ ಒಂದು ಚೂರು ಮುರಿದು ಬಾಯಿಗಿಡುತ್ತೇನೆ. ಹೇಳುವವರು ಯಾರೂ ಇಲ್ಲದ್ದರಿಂದ ನಾನೇ ಹೇಳಿಕೊಳ್ಳುತ್ತೇನೆ: "ಅದಲ್ಲ ಕಣಮ್ಮಣ್ಣಿ."